ಆ ಹೂವಿಗೆ ಹೆಸರಿದೆ, ಸಂಪಾದಕರೇ

ಮಾನ್ಯ ಸಂಪಾದಕರೇ,

ಕಳೆದ ವಾರ ಓದುಗರ ಚಿತ್ರಗಳ ಪುಟದಲ್ಲಿ ಪುಟ್ಟ ಬಿಳಿ ಹೂವಿನ ಫೋಟೊ ಹಾಕಿದ್ದೀರಿ. ಫೋಟೊ ಚೆನ್ನಾಗಿತ್ತು. ಆದರೆ ಕೆಳಗೆ ‘ಹೆಸರಿಲ್ಲದ ಕಾಡುಹೂವು’ ಅಂತ ಬರೆದಿದ್ದೀರಿ. ಅದು ತುಂಬೆ ಹೂವು ಸ್ವಾಮಿ! ಚಿಕ್ಕಂದಿನಲ್ಲಿ ಒಂದೊಂದೇ ಹೂವು ಕಿತ್ತು, ಬುಡವನ್ನು ಬಾಯಲ್ಲಿಟ್ಟು, ಅಷ್ಟೇ ಅಷ್ಟು ಸಿಹಿ ಹೀರಿದವರಿಗೆ ಇದನ್ನು ಓದಿ ಬೇಜಾರಾಗುತ್ತೆ. ನನಗಂತೂ ಆಯಿತು.

ನಾನು ದೊಡ್ಡ ಫೋಟೊಗ್ರಾಫರ್ ಏನಲ್ಲ. ಮೊಬೈಲಿನಲ್ಲೇ ತೆಗೆಯುತ್ತೇನೆ, ಅದೂ ಮೋಡ ಇರುವಾಗ, ಯಾಕಂದ್ರೆ ಸುಡುಬಿಸಿಲಲ್ಲಿ ತೆಗೆದರೆ ಬಿಳಿ ಹೂವು ಸುಣ್ಣದ ಚುಕ್ಕಿ ಥರ ಬರುತ್ತೆ, ಎಸಳಿನ ಒಂದು ಗೆರೆಯೂ ಕಾಣಲ್ಲ. ಮೊದಮೊದಲು ನಿಂತಲ್ಲಿಂದಲೇ ತೆಗೆಯುತ್ತಿದ್ದೆ. ಮನೆಗೆ ಬಂದು ನೋಡಿದರೆ ಬರೀ ಹುಲ್ಲು. ನನ್ನ ನೆನಪಿನಲ್ಲಿದ್ದ ಹೂವು ಅದರಲ್ಲಿ ಎಲ್ಲೂ ಇರುತ್ತಿರಲಿಲ್ಲ. ಸುಮ್ನೆ ಮೊಬೈಲನ್ನು ಬೈದುಕೊಂಡೆ. ಆಮೇಲೊಂದು ದಿನ ಚಪ್ಪಲಿಗೆ ಚುಚ್ಚಿದ ಮುಳ್ಳು ತೆಗೆಯೋಣ ಅಂತ ನೆಲದ ಮೇಲೆ ಕೂತವನಿಗೆ ಕಣ್ಣೆದುರೇ ಅದೇ ಹೂವು, ಅದೇ ಅಳತೆಯಲ್ಲಿ ಕಂಡಿತು. ಅದನ್ನು ನಾನು ನೋಡಿದ್ದು 3 ಅಡಿ ಎತ್ತರ ಇದ್ದಾಗ, ಕುಕ್ಕರುಗಾಲಲ್ಲಿ ಕೂತು. ಈಗ ಐದೂವರೆ ಅಡಿ ಮೇಲಿಂದ ನೋಡಿದರೆ ಹೇಗೆ ಸಿಗಬೇಕು?

ಅವತ್ತಿನಿಂದ ಮೊಣಕೈ ಊರಿ ಮಲಗಿಯೇ ತೆಗೆಯುವುದು. ಅಂಗಿ ಕೆಸರಾಗುತ್ತೆ, ಆಗಲಿ. ಹತ್ತಿರದಿಂದ ನೋಡಿದರೆ ತುಂಬೆಯ ದಂಟು ಚೌಕ. ಹಸಿರು ಉಂಡೆಯ ಸುತ್ತಲಿಂದ ಹೂವುಗಳು ಇಣುಕುತ್ತವೆ, ಮೇಲ್ತುಟಿ ಚಿಕ್ಕದು, ಮೈಯೆಲ್ಲ ರೋಮ, ಕೆಳತುಟಿ ಮಾತ್ರ ಅಗಲವಾಗಿ ಮುಂದಕ್ಕೆ ಚಾಚಿರುತ್ತೆ, ಜೇನುನೊಣಕ್ಕೆ ಕೂರಲು ಚಾಪೆ ಹಾಸಿದ ಹಾಗೆ. ಆದರೆ ಹತ್ತಿರ ಹೋದಷ್ಟೂ ಫೋಕಸ್ ಸಿಗುವುದು ಕಷ್ಟ, ಎಸಳಿನ ತುದಿ ಸ್ಪಷ್ಟವಾದರೆ ಬುಡ ಮಸುಕು. ಮೇಲೆ ಗಾಳಿ ಬೇರೆ. 40 ತೆಗೆದರೆ 2 ಉಳಿಯುತ್ತವೆ.

ಮುಟ್ಟಿದರೆ ಮುನಿಯ ಗುಲಾಬಿ ಚೆಂಡು ಒಂದೇ ಹೂವಲ್ಲ, ಹತ್ತಾರು ಹೂವುಗಳ ಗೊಂಚಲು, ನಮಗೆ ಕಾಣುವ ಆ ಎಳೆಗಳೆಲ್ಲ ಕೇಸರಗಳು. ಆಗ ಎಲೆ ಮುದುಡಿಸುವ ಆಟದಲ್ಲೇ ಇದ್ದೆವು, ಹೂವನ್ನು ಯಾರು ನೋಡಿದರು? ಈಗ ಉಲ್ಟಾ. ಎಲೆಗೆ ಕೈ ತಾಗದ ಹಾಗೆ ಉಸಿರು ಬಿಗಿಹಿಡಿದು ತೆಗೆಯಬೇಕು, ತಾಗಿತೋ, ಅದು ಮತ್ತೆ ಬಿಚ್ಚುವವರೆಗೆ ಕಾಯಬೇಕು. ನೆಗ್ಗಿಲು ಮುಳ್ಳು ಬರಿಗಾಲಿಗೆ ಚುಚ್ಚಿದ್ದು ಚೆನ್ನಾಗಿ ನೆನಪಿದೆ. ಅದಕ್ಕೂ ಐದೆಸಳಿನ ಹಳದಿ ಹೂವು ಬಿಡುತ್ತೆ ಅಂತ ಗೊತ್ತಾದದ್ದು ನನಗೆ 50 ದಾಟಿದ ಮೇಲೆ.

ಇನ್ನೊಂದು ಮಾತು. ಫೋಟೊಗೆ ಅಡ್ಡ ಬರುತ್ತೆ ಅಂತ ಸುತ್ತಲಿನ ಹುಲ್ಲು ಕಿತ್ತುಹಾಕುವವರನ್ನು ಕಂಡರೆ ನನಗಾಗಲ್ಲ. ಆಮೇಲೆ ಅದು ಕುಂಡದ ಹೂವಿನ ಥರ ಕಾಣುತ್ತೆ, ಅಲ್ವಾ?

ಹೆಸರಿನ ವಿಷಯಕ್ಕೇ ಬರುತ್ತೇನೆ. 1843ರಲ್ಲೇ ಇಂಗ್ಲೆಂಡಿನ ಅನ್ನಾ ಅಟ್ಕಿನ್ಸ್ ಅನ್ನುವವರು ಕ್ಯಾಮೆರಾ ಇಲ್ಲದೆ ಕಡಲ ಪಾಚಿಯ ಚಿತ್ರ ಮಾಡಿದ್ದರು. ಮದ್ದು ಸವರಿದ ಕಾಗದದ ಮೇಲೆ ಪಾಚಿ ಇಟ್ಟು ಬಿಸಿಲಿಗೆ ಹಿಡಿದರೆ, ಕಾಗದವೆಲ್ಲ ನೀಲಿಯಾಗಿ, ಪಾಚಿ ಇದ್ದ ಜಾಗ ಮಾತ್ರ ಬಿಳಿ. ಯಾರೂ ತಿರುಗಿ ನೋಡದ ಆ ಪಾಚಿಗೂ ಅವರು ಚಿತ್ರದ ಜೊತೆ ಹೆಸರು ಬರೆದಿಟ್ಟರು. ನಾವು ತುಂಬೆಗೆ ಅಷ್ಟಾದರೂ ಮಾಡಬಹುದಲ್ಲ.

ಮುಂದಿನ ಸಲ ಇಂಥ ಫೋಟೊ ಬಂದಾಗ ಹೆಸರು ಗೊತ್ತಿಲ್ಲದಿದ್ದರೆ ಓದುಗರನ್ನೇ ಕೇಳಿ. ಹತ್ತು ಜನ ಹತ್ತು ಹೆಸರು ಹೇಳುತ್ತಾರೆ, ನಮ್ಮದೇ ಸರಿ ಅಂತ ಜಗಳವನ್ನೂ ಆಡುತ್ತಾರೆ. ಎಲ್ಲವನ್ನೂ ಅಚ್ಚು ಹಾಕಿ.

ಇತಿ,
ನಿಮ್ಮ ಹಳೆಯ ಓದುಗ