ಘಟ್ಟ ಕಾಣದಿದ್ದರೆ ತಿರುಗಿ ಬಾ

ಚಿತ್ರದುರ್ಗ

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮುಂದಿನ ವಾರ ನಿನ್ನ ಸೋಲೋ ಕ್ರಾಸ್‌ಕಂಟ್ರಿ, ಅಂದರೆ ಒಬ್ಬಳೇ ವಿಮಾನ ಹಾರಿಸಿಕೊಂಡು ದೂರ ಹೋಗಿ ಬರುವ ತರಬೇತಿ ಹಾರಾಟ ಇದೆಯಂತೆ. ಘಟ್ಟದ ಕಡೆ ಹೋಗಿ ಬಂದು, ಅದೇ ರಾತ್ರಿ ಬಸ್ ಹಿಡಿದು ಗೌರಿ ಹಬ್ಬಕ್ಕೆ ಬರುತ್ತೇನೆ ಅಂತ ನಿಮ್ಮಮ್ಮನಿಗೆ ಹೇಳಿದ್ದೀಯಂತೆ. ಹಾರು ಮಗಳೇ, ನನಗೆ ತುಂಬಾ ಸಂತೋಷ. ಆದರೆ ಅದೇ ದಿನಕ್ಕೆ ಬಸ್ ಟಿಕೆಟ್ ಮಾಡಿಸಬೇಡ. ಮಾಡಿಸಿದ್ದರೆ ಕ್ಯಾನ್ಸಲ್ ಮಾಡು.

ಹವಾಮಾನ ಇಲಾಖೆಯಲ್ಲಿ ನೌಕರಿ ಮಾಡಿದವನು ನಾನು. ಈ ತಿಂಗಳಲ್ಲಿ ಆಕಾಶವನ್ನು ನಂಬುವ ಹಾಗಿಲ್ಲ. ನಮ್ಮ ದುರ್ಗ ಮಳೆನೆರಳಿನ ಸೀಮೆ, ಇಲ್ಲಿ ಬಿಸಿಲು ಕಾಯುತ್ತಿರುತ್ತದೆ. ಅದೇ ಹೊತ್ತಿಗೆ ಮುಳ್ಳಯ್ಯನಗಿರಿ ಪೂರ್ತಿ ಮೋಡದಲ್ಲಿ ಮುಚ್ಚಿಹೋಗಿರುತ್ತದೆ. ನೀನು ಹೊರಡುವ ಕಡೆಯೂ ಅಷ್ಟೇ. ರನ್‌ವೇ ಮೇಲಿನ ಆಕಾಶ ನೋಡಿ ಘಟ್ಟದ ಆಕಾಶ ಹೇಳೋಕಾಗಲ್ಲ.

ಗಾಳಿಯನ್ನೂ ನೋಡಬೇಕು. ಪಡುವಣ ಗಾಳಿ ಘಟ್ಟ ಹತ್ತಿ ನಮ್ಮ ಕಡೆಗೆ ಕೆಳಮುಖವಾಗಿ ಇಳಿಯುತ್ತದೆ. ನೀನು ಪೂರ್ವದಿಂದ ಹೋಗುವವಳು, ಬೆಟ್ಟದ ಸಾಲು ತಲುಪುವ ಮೊದಲೇ ಅದು ವಿಮಾನವನ್ನು ಕೆಳಕ್ಕೆ ಒತ್ತುತ್ತದೆ. ಗಾಳಿ ಜೋರಾಗಿದ್ದರೆ ಸೆಸ್ನಾದಂಥ ಸಣ್ಣ ವಿಮಾನ ಪೂರ್ತಿ ಪವರ್ ಕೊಟ್ಟರೂ ಮೇಲೇರದೆ ಇರಬಹುದು. ಅದಕ್ಕೇ ಬೆಟ್ಟದ ಸಾಲಿಗೆ ನೇರವಾಗಿ ಹೋಗದೆ 45 ಡಿಗ್ರಿ ಓರೆಯಾಗಿ ಹೋಗು ಅನ್ನುತ್ತಾರೆ. ಆಗ ಸ್ವಲ್ಪ ತಿರುಗಿದರೂ ಸಾಕು, ಬೆಟ್ಟದಿಂದ ದೂರ ಸರಿಯಬಹುದು. ಎತ್ತರ ತೋರಿಸುವ ಆಲ್ಟಿಮೀಟರ್ ಕೂಡ ಮರೆಯಬೇಡ. ಗಾಳಿಯ ಒತ್ತಡ 10 ಹೆಕ್ಟೊಪಾಸ್ಕಲ್ ಕಡಿಮೆ ಇರುವ ಕಡೆ ಹೋಗಿ ಅದನ್ನು ಹೊಂದಿಸದಿದ್ದರೆ, ನೀನಿರುವುದಕ್ಕಿಂತ ಸುಮಾರು 300 ಅಡಿ ಜಾಸ್ತಿ ತೋರಿಸುತ್ತದೆ.

2022ರ ಮೇ 29ರಂದು ನೇಪಾಳದ ಪೊಖರಾದಿಂದ ಜೋಮ್ಸಮ್‌ಗೆ ಹೊರಟ ಟ್ವಿನ್ ಆಟರ್ ವಿಮಾನ ಬೆಟ್ಟಕ್ಕೆ ಬಡಿದು 22 ಜನರೂ ಹೋಗಿಬಿಟ್ಟರು. ಅರ್ಧ ಗಂಟೆಯೂ ಇಲ್ಲದ ದಾರಿ ಅದು.

ನನ್ನನ್ನು ಇನ್ನೂ ಜಾಸ್ತಿ ಕಾಡುವುದು ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ತೀರಿಕೊಂಡ ಅಪಘಾತ. 2020ರ ಜನವರಿ 26, ಲಾಸ್ ಏಂಜಲೀಸ್ ಹತ್ತಿರದ ಗುಡ್ಡ, 9 ಜನ. ಅದು ಹೆಲಿಕಾಪ್ಟರ್, ಆದರೂ ನಿನಗೆ ಬೇಕಾದ ಪಾಠ ಅದರಲ್ಲೇ ಇದೆ. ಪೈಲಟ್ 8000 ಗಂಟೆಗೂ ಜಾಸ್ತಿ ಹಾರಿದವನು. ಮೋಡದಲ್ಲಿ ಸಿಕ್ಕಿಕೊಂಡ ಮೇಲೆ 4000 ಅಡಿಗೆ ಏರುತ್ತಿದ್ದೇನೆ ಅಂತ ರೇಡಿಯೋದಲ್ಲಿ ಹೇಳಿದ. ಆ ಹೊತ್ತಿಗೆ ಹೆಲಿಕಾಪ್ಟರ್ ಎಡಕ್ಕೆ ತಿರುಗುತ್ತಾ ಕೆಳಗಿಳಿಯುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ, ಅವನ ದೇಹ ಅವನಿಗೆ ಹಾಗೆ ಹೇಳಿತ್ತು. ಹೊರಗೆ ಏನೂ ಕಾಣದಿದ್ದಾಗ ಕಿವಿಯೊಳಗಿನ ದ್ರವಕ್ಕೆ ನಿಧಾನದ ತಿರುವು ಗೊತ್ತೇ ಆಗುವುದಿಲ್ಲ. ಹೊರಗಿನವರು ಯಾರೂ ಅವನ ಮೇಲೆ ಒತ್ತಡ ಹಾಕಿದ್ದಕ್ಕೆ ತನಿಖೆಯವರಿಗೆ ಪುರಾವೆ ಸಿಗಲಿಲ್ಲ. ತಲುಪಿಸಲೇಬೇಕು ಅನ್ನುವ ಒತ್ತಡವನ್ನು ಅವನೇ ಹಾಕಿಕೊಂಡಿರಬೇಕು ಅಂದರು.

ಬಸ್ ಟಿಕೆಟ್ ಬೇಡ ಅಂದಿದ್ದು ಇದಕ್ಕೇ. ನಿಮ್ಮಮ್ಮನ ಹತ್ತಿರ ಮಾತಾಡಿದ್ದೇನೆ. ಬಾಗಿನ ಎತ್ತಿಡುತ್ತಾಳೆ, ನೀನು ಬಂದ ದಿನವೇ ಹಬ್ಬ. ಇಷ್ಟು ಗಂಟೆಗೆ ಬರುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡ. ಇಳಿದ ಮೇಲೆ ಫೋನ್ ಮಾಡು, ಸಾಕು.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಬರೀ ಉಪಕರಣ ನೋಡಿ ಹಾರುವ ಅಭ್ಯಾಸ ಇಲ್ಲದ 20 ಜನರನ್ನು, ಹೊರಗೆ ಏನೂ ಕಾಣದ ಹಾಗೆ ಮಾಡಿ ಹಾರಿಸಿದರು. ಅಷ್ಟೂ ಜನರಿಗೆ ಹಿಡಿತ ತಪ್ಪಿತು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಆಗಲಿಲ್ಲ ನೋಡು. ಅದೇ ಜನಕ್ಕೆ ನಿಧಾನವಾಗಿ ತಿರುಗಿ ಬಂದ ದಾರಿಗೇ ವಾಪಸ್ ಬರುವುದನ್ನು ಕಲಿಸಿದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಸರಿಯಾಗಿ ಮಾಡಿದರು. ನೀನೂ ಇನ್ಸ್ಟ್ರಕ್ಟರ್ ಜೊತೆ ಆ ತಿರುವನ್ನು ಇನ್ನೊಮ್ಮೆ ಅಭ್ಯಾಸ ಮಾಡಿಕೊಂಡೇ ಹೋಗು.

ಹೊರಡುವ ಮೊದಲು ಒಂದು ಚೀಟಿ ಬರೆದುಕೋ. ಯಾವ ಊರಿನ ಮೇಲೆ ಬಂದಾಗ ಮುಂದಿನ ಬೆಟ್ಟದ ಸಾಲು ಸ್ಪಷ್ಟವಾಗಿ ಕಾಣಬೇಕು, ಕಾಣದಿದ್ದರೆ ಎಲ್ಲಿ ತಿರುಗುವುದು, ಯಾವ ರನ್‌ವೇಗೆ ಹೋಗುವುದು. ಅಲ್ಲಿಗೆ ಹೋದ ಮೇಲೆ ನೋಡೋಣ ಅಂತ ಬಿಡಬೇಡ, ಆಗ ಮನಸ್ಸು ಮುಂದಕ್ಕೇ ಎಳೆಯುತ್ತದೆ. ಚೀಟಿಯ ಫೋಟೋ ನನಗೂ ಕಳಿಸು. ಆ ದಿನ ಬೆಳಿಗ್ಗೆ ಸ್ಯಾಟಲೈಟ್ ಚಿತ್ರ ನೋಡಿ ಅನಿಸಿದ್ದನ್ನು ಹೇಳುತ್ತೇನೆ. ಹೊರಡಬೇಕೋ ಬೇಡವೋ ಅನ್ನುವುದು ಮಾತ್ರ ನೀನು, ನಿನ್ನ ಇನ್ಸ್ಟ್ರಕ್ಟರ್ ಕೂತು ತೀರ್ಮಾನಿಸಿ.

ಇಂತಿ,
ನಿನ್ನ ದೊಡ್ಡಪ್ಪ