ಟ್ರೆಪ್ಟೋವರ್ ಪಾರ್ಕಿನ ಆ ಕೆಲಸಗಾರರಿಗೆ ಧನ್ಯವಾದ

ಬರ್ಲಿನ್‌ನ ಟ್ರೆಪ್ಟೋವರ್ ಪಾರ್ಕಿನಲ್ಲಿ 1949ರಲ್ಲಿ ತೆರೆದ ಸೋವಿಯತ್ ಯುದ್ಧ ಸ್ಮಾರಕವಿದೆ. ಸುಮಾರು 7000 ಸೈನಿಕರ ಸಮಾಧಿ ಅದು. ಅಪ್ಪನಿಗೆ ಅದನ್ನು ನೋಡಲೇಬೇಕಿತ್ತು. ಆದರೆ ಜಾಗ ತುಂಬಾ ದೊಡ್ಡದು, ನೆರಳು ಕಡಿಮೆ. ಮಗುವನ್ನು ಎತ್ತಿಕೊಂಡ ಸೈನಿಕನ ಪ್ರತಿಮೆ ದಿಬ್ಬದ ಮೇಲೆ ದೂರದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಅಪ್ಪನಿಗೆ ತಲೆ ಸುತ್ತಿತು. ನನ್ನ ಭುಜ ಹಿಡಿದು ಹಾಗೇ ಕುಸಿದರು. ನನಗೆ ಕೈಕಾಲೇ ಆಡಲಿಲ್ಲ.

ಹುಲ್ಲು ಕತ್ತರಿಸುತ್ತಿದ್ದವರೊಬ್ಬರು ಯಂತ್ರ ನಿಲ್ಲಿಸಿ ಓಡಿ ಬಂದರು. ಒಂದು ಮಾತೂ ಕೇಳಲಿಲ್ಲ. ತಮ್ಮ ಗಾಡಿಯಿಂದ ಮಡಚುವ ಕುರ್ಚಿ ತಂದು, ಅಪ್ಪನನ್ನು ಮರದ ಕೆಳಗೆ ಕೂರಿಸಿದರು. ಬಟ್ಟೆ ಒದ್ದೆ ಮಾಡಿ ಕತ್ತಿಗೆ ಹಾಕಿದರು. ಬಗ್ಗಿ ಶೂ ಲೇಸ್ ಸಡಿಲಿಸಿದರು. ನೀರನ್ನು ನಿಧಾನಕ್ಕೆ ಕುಡಿಯಿರಿ ಅಂತ ಕೈಸನ್ನೆಯಲ್ಲೇ ಹೇಳಿದರು. ಆಂಬುಲೆನ್ಸ್ ಬೇಕಾ ಅಂತ ಫೋನಿನಲ್ಲಿ ನಂಬರ್ ಒತ್ತಿ ತೋರಿಸಿದರು. ಅಪ್ಪ ಬೇಡ ಅಂದರೂ ಅವರು ಕದಲಲಿಲ್ಲ, ಪಕ್ಕದಲ್ಲೇ ಕೂತರು. ಅಪ್ಪನ ಮುಖಕ್ಕೆ ಬಣ್ಣ ಬಂದ ಮೇಲೇ ನನಗೆ ಸರಿಯಾಗಿ ಉಸಿರು ಬಂದಿದ್ದು.

ಆಮೇಲೆ ಗಾಡಿಯಲ್ಲೇ ಗೇಟಿನವರೆಗೆ ಬಿಟ್ಟರು. ದುಡ್ಡು ಕೊಡಲು ಹೋದರೆ ನನ್ನ ಕೈ ಮಡಚಿಬಿಟ್ಟರು. ಗಾಬರಿಯಲ್ಲಿ ಹೆಸರು ಕೇಳಲಿಲ್ಲ. ಬರ್ಲಿನ್‌ನ ಕನ್ನಡಿಗರೇ, ಅಲ್ಲಿ ಬಿಳಿ ಮೀಸೆಯ, ಹಸಿರು ಟೋಪಿಯ ಕೆಲಸಗಾರರು ಸಿಕ್ಕರೆ ದಯವಿಟ್ಟು ತಿಳಿಸಿ: ಅಪ್ಪ ಆರಾಮಾಗಿದ್ದಾರೆ.