ಎಣಿಕೆ

ಪುಟ್ಟಿ,

ನಾಳೆ ಬೆಳಗಿನ ಜಾವ ದೇವನಹಳ್ಳಿಗೆ ಹೊರಡಬೇಕಾದವಳ ಮುಂದೆ ನಿನ್ನೆ ಊಟದ ಹೊತ್ತಲ್ಲಿ ಆ ಪ್ರಬಂಧದ ಮಾತು ಎತ್ತಬಾರದಿತ್ತು. ನೀನು ತಟ್ಟೆ ಬಿಟ್ಟು ಎದ್ದೆ. ನಿನ್ನಮ್ಮ ಇನ್ನೂ ನನ್ನ ಹತ್ತಿರ ಮಾತಾಡಿಲ್ಲ. ದನಿ ಏರಿಸಿದ್ದು ತಪ್ಪು. ವಾಪಸ್ ಬಾರದ ರೋಗಿಗಳು ನಿನ್ನ ಲೆಕ್ಕದಲ್ಲಿ ಎಲ್ಲಿ ಅಂತ ಕೇಳಿದ ಪ್ರಶ್ನೆ ತಪ್ಪಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಬೆನ್ನುಮೂಳೆ ಸರ್ಜರಿ ಫೆಲೋಶಿಪ್‌ನಲ್ಲಿ ಕಂಪ್ಯೂಟರ್ ನ್ಯಾವಿಗೇಶನ್, ರೋಬಾಟ್ ಎಲ್ಲ ಸಿಗುತ್ತೆ. ಬೆನ್ನುಮೂಳೆಗೆ ಹಾಕೋ ಪೆಡಿಕಲ್ ಸ್ಕ್ರೂ ನನಗಿಂತ ನೀನೇ ಚೆನ್ನಾಗಿ ಕೂರಿಸ್ತೀಯ. ಮುಖ ನೋಡಿ ಇದನ್ನು ಹೇಳೋಕೆ ನನಗೆ ಬರಲಿಲ್ಲ. ನನಗೆ ಹೆದರಿಕೆ ಎಣಿಕೆಯದು: ಸೊಂಟದ ನಾಲ್ಕು-ಐದನೇ ಮೂಳೆ ನಡುವಿನ (ಎಲ್ 4-5) ಡಿಸ್ಕ್ ತೆಗೀಬೇಕಾದಲ್ಲಿ 3-4ರದು ತೆಗೆಯೋದು. ಸೊಂಟದ ಕಶೇರುಕ ಐದು ಅಂತೀವಿ. ಕೆಲವರಿಗೆ ಐದನೆಯದು ಅದರ ಕೆಳಗಿನ ತ್ರಿಕೋನ ಮೂಳೆ ಸೇಕ್ರಮ್‌ಗೆ ಅಂಟಿರುತ್ತೆ, ಕೆಲವರಿಗೆ ಸೇಕ್ರಮ್‌ನ ಮೊದಲನೆಯದೇ ಬಿಡಿಯಾಗಿ ಆರನೆಯದರ ಹಾಗೆ ಕಾಣುತ್ತೆ. ಎಂಆರ್‌ಐ ಓದಿದವರು ಕೆಳಗಿಂದ ಎಣಿಸಿ, ನೀನು ಎಕ್ಸ್‌ರೇಯಲ್ಲಿ ಕೊನೇ ಪಕ್ಕೆಲುಬಿಂದ ಎಣಿಸಿದರೆ ಇಬ್ಬರ ಲೆಕ್ಕವೂ ಸರಿ, ಮೂಳೆ ಮಾತ್ರ ಬೇರೆ. ಅದಕ್ಕೇ ಕುತ್ತಿಗೆಯ ಎರಡನೇ ಮೂಳೆ ಸಿ2ರಿಂದ ಕೆಳಗಿನ ತನಕ ಪೂರ್ತಿ ಬೆನ್ನಿನ ಒಂದು ಚಿತ್ರ ಕೇಳಿ ತಗೋ.

ಚರ್ಮದ ಮೇಲಿನ ಗುರುತು ನಂಬಬೇಡ. ಎದೆಭಾಗದ ನಡುವೆ ಮೂಳೆಯ ಬೆನ್ನುಮುಳ್ಳು ಕೆಳಕ್ಕೆ ಇಳಿಬಿದ್ದಿರುತ್ತೆ: ಬೆರಳಿಗೆ ಸಿಗೋದು ಆರರ ತುದಿ, ಅದರ ಅಡಿಯಲ್ಲಿರೋದು ಏಳರ ದೇಹ. ಮೂಳೆ ಕಾಣಿಸಿದ ಮೇಲೆ, ಕೊರೆಯೋ ಮುಂಚೆ, ಅದರ ಹಿಂಬದಿಯ ಗಿಡ್ಡ ಕಂಬ ಪೆಡಿಕಲ್‌ಗೇ ಮಾರ್ಕರ್ ಇಟ್ಟು ಸಿ-ಆರ್ಮ್ ಎಕ್ಸ್‌ರೇ ತಗೋ. ಸಿಸ್ಟರ್‌ಗೂ ಕೇಳೋ ಹಾಗೆ ಮಟ್ಟದ ಹೆಸರು ಹೇಳು, ಚಿತ್ರ ಸೇವ್ ಮಾಡು. ಗಾಯ ಅಗಲಿಸಿ ಹಿಡಿಯೋ ರಿಟ್ರಾಕ್ಟರ್ ಸರಿಸಿದರೆ ಮತ್ತೆ ಮೊದಲಿಂದ. ಹಿರಿಯರು ಗಡಿಯಾರ ನೋಡಿದರೂ ಮತ್ತೆ ಮೊದಲಿಂದ. ಪಾಠ ಶುರುಮಾಡಿದ್ದೀನಿ ಅಂತ ಗೊತ್ತು. ಆದರೂ ಇನ್ನೊಂದು ಸಲ: ಕೊರೆಯೋ ಮುಂಚೆ.

ಇನ್ನು ನಿನ್ನೆಯ ಪ್ರಶ್ನೆ. ಎರಡು ವರ್ಷದ ಫಾಲೋಅಪ್‌ಗೆ ಬಾರದವರನ್ನು ಪಟ್ಟಿಯಿಂದ ಬಿಟ್ಟು ಸರಾಸರಿ ತೆಗೆದಿದ್ದೀಯ. ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಜನ ಕೈತಪ್ಪಿದರೆ ಆ ಫಲಿತಾಂಶ ಯಾರೂ ನಂಬಬೇಕಿಲ್ಲ. ಬಾರದವರಲ್ಲಿ ಅರ್ಧ ವಾಸಿಯಾಗಿ ಗದ್ದೆಗೆ ಇಳಿದಿರಬಹುದು, ಅರ್ಧ ನೋವು ತಾಳಲಾರದೆ ಬೇರೆ ಡಾಕ್ಟರ ಹತ್ತಿರ ಹೋಗಿರಬಹುದು; ನಿನ್ನ ಕೋಷ್ಟಕಕ್ಕೆ ಎರಡೂ ಒಂದೇ. ಸೇರಿಸಿಕೊಳ್ಳುವ ದಿನವೇ ಪಕ್ಕದ ಮನೆಯವರದು, ಆಶಾ ಕಾರ್ಯಕರ್ತೆಯದು ನಂಬರ್ ಬರೆದಿಟ್ಟುಕೋ. ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಕೂರಲಾಗದವರಿಗೆ ಫೋನಲ್ಲೇ ಪ್ರಶ್ನೆ ಕೇಳು, ಫೋನಲ್ಲಿ ಕೇಳಿದ್ದು ಅಂತಲೂ ಬರೆ.

ಬೆನ್ನುನೋವಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಅಂತ ಅಳೆಯೋ ಓಸ್ವೆಸ್ಟ್ರಿ ಪ್ರಶ್ನಾವಳಿಯಲ್ಲಿ ಹತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಐದು. ದಾಂಪತ್ಯದ ಪ್ರಶ್ನೆ ಬಂದಾಗ ನಮ್ಮವರು ತಲೆ ತಗ್ಗಿಸಿ ಖಾಲಿ ಬಿಡ್ತಾರೆ. ಆ ಜಾಗಕ್ಕೆ ಸೊನ್ನೆ ತುಂಬಿ 50ರಿಂದ ಭಾಗಿಸಿದರೆ ರೋಗಿ ಇರೋದಕ್ಕಿಂತ ಚೆನ್ನಾಗಿದ್ದಾನೆ ಅಂತ ತೋರಿಸುತ್ತೆ. ಆ ಪ್ರಶ್ನೆಯ ಐದು ಕಳೆದು 45ರಿಂದ ಭಾಗಿಸಬೇಕು. ನಿನ್ನ ಹಾಳೆಯಲ್ಲಿ ಅಂಥ ಸೊನ್ನೆಗಳು ಕಂಡವು, ಅದಕ್ಕೇ ರೇಗಿದ್ದು. ನೀನು ಬೇಕಂತ ಮಾಡಿಲ್ಲ ಅನ್ನೋದು ನನಗೆ ಗೊತ್ತು. ಅಷ್ಟನ್ನಾದರೂ ನಿನ್ನೆ ಹೇಳಬೇಕಿತ್ತು.

ಎಕ್ಸ್‌ರೇಯಿಂದ ಕುತ್ತಿಗೆ ಕಾಯೋ ಥೈರಾಯ್ಡ್ ಕಾಲರ್ ಕುರ್ಚಿ ಮೇಲೆ ಮರೆತಿದ್ದೀಯ. ಅಲ್ಲೇ ಕೊಡ್ತಾರೆ ಅನ್ನಬೇಡ, ಇದು ನಿನ್ನ ಕುತ್ತಿಗೆ ಅಳತೆಯದು. ಚಟ್ನಿಪುಡಿ ಡಬ್ಬದ ಪಕ್ಕ ಇಟ್ಟಿದ್ದೀನಿ. ಮಡಚಿಲ್ಲ, ಮಡಚಿದರೆ ಒಳಗಿನ ಸೀಸ ಬಿರುಕು ಬಿಡುತ್ತೆ.

ಅಪ್ಪ